ಟೆರಾಫ್ಲಾಪ್ ಬಿಡ್ರಿ, ಆಟ ಯಾವುದೈತಿ ಕೇಳ್ರಿ

ಬೆಳಗಾವಿಗೆ ಗೇಮ್ ಕನ್ಸೋಲ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ: "ಯಾವುದ್ರಾಗ ಪವರ್ ಜಾಸ್ತಿ ಐತ್ರಿ?" ಈ ಪ್ರಶ್ನೆಯೇ ತಪ್ಪು. ಐವತ್ತು ಸಾವಿರದ ಡಬ್ಬಿಯನ್ನು ಕಂತಿನ ಮೇಲೆ ತರುವ ಖಾನಾಪುರದ ಮನೆಗೆ ಈ ತಪ್ಪು ಬಹಳ ದುಬಾರಿ.

ಟ್ರ್ಯಾಕ್ಟರ್ ಕೊಳ್ಳುವಾಗ ನಾವು ಹೀಗೆ ಮೋಸಹೋಗುವುದಿಲ್ಲ. ಎಚ್‌ಪಿ ಎಷ್ಟಿದ್ದರೇನು, ನೇಗಿಲು, ರೋಟಾವೇಟರ್, ಟ್ರೇಲರ್ ಸಿಗದಿದ್ದರೆ ಅದು ಅಂಗಳದಲ್ಲಿ ನಿಂತ ಕಬ್ಬಿಣ. ಕನ್ಸೋಲ್‌ಗೆ ಆಟಗಳೇ ಆ ಸಲಕರಣೆ. ಯಂತ್ರ ಮಾಡಿದ ಕಂಪನಿ ತಾನೂ ಕೆಲವು ಆಟ ಮಾಡುತ್ತದೆ. ಉಳಿದ ಬಹುಪಾಲು ಹೊರಗಿನವರದ್ದು. ಇವರನ್ನೇ ಥರ್ಡ್ ಪಾರ್ಟಿ ಎನ್ನುತ್ತಾರೆ. ಹಿಂದೆ ಟಿವಿಗೆ ಜೋಡಿಸುತ್ತಿದ್ದ ಅಗ್ಗದ ನಕಲಿ ಗೇಮ್ ಡಬ್ಬಿ ನೆನಪಿದೆಯೇ? ಅದರಲ್ಲಿದ್ದ ಮಾರಿಯೋ ಮೂಲ ಯಂತ್ರ ಮಾಡಿದ ನಿಂಟೆಂಡೊದ್ದು. ಎಲ್ಲರೂ ಜಗಳಾಡಿ ಆಡುತ್ತಿದ್ದ ಕಾಂಟ್ರಾ ಮಾತ್ರ ಕೊನಾಮಿ ಎಂಬ ಬೇರೆ ಕಂಪನಿಯದ್ದು.

ಇತಿಹಾಸ ನೋಡಿ. 1996ರ ನಿಂಟೆಂಡೊ 64 ಯಂತ್ರ 64 ಬಿಟ್‌ನದ್ದು, ಸೋನಿಯ ಪ್ಲೇಸ್ಟೇಷನ್ 32 ಬಿಟ್‌ನದ್ದು. ಆದರೆ ನಿಂಟೆಂಡೊ ದುಬಾರಿ ಕಾರ್ಟ್ರಿಜ್ ಬಿಡಲಿಲ್ಲ. ಅದರಲ್ಲಿ ಜಾಗವೂ ಕಡಿಮೆ. ಸೋನಿಯದ್ದು ಅಗ್ಗದ ಸಿಡಿ. ನಿಂಟೆಂಡೊ ಜೊತೆಗಿದ್ದ ಸ್ಕ್ವೇರ್ ಕಂಪನಿ ತನ್ನ ಫೈನಲ್ ಫ್ಯಾಂಟಸಿ 7 ಆಟವನ್ನು ಮೂರು ಸಿಡಿಗಳಲ್ಲಿ ತುಂಬಿ 1997ರಲ್ಲಿ ಪ್ಲೇಸ್ಟೇಷನ್‌ಗೆ ತಂದಿತು. ಕೊನೆಗೆ ಪ್ಲೇಸ್ಟೇಷನ್ ಮಾರಾಟವಾದದ್ದು 10 ಕೋಟಿಗೂ ಹೆಚ್ಚು, ನಿಂಟೆಂಡೊ 64 ಸುಮಾರು 3.3 ಕೋಟಿ. ಮುಂದಿನ ಸುತ್ತಿನಲ್ಲೂ ಅದೇ ಆಯಿತು. 2001ರ ಎಕ್ಸ್‌ಬಾಕ್ಸ್, ಗೇಮ್‌ಕ್ಯೂಬ್ ಎರಡೂ ಪ್ಲೇಸ್ಟೇಷನ್ 2ಕ್ಕಿಂತ ಶಕ್ತಿಶಾಲಿ. ಅವು ತಲಾ ಎರಡು ಕೋಟಿ ಚಿಲ್ಲರೆಗೆ ನಿಂತವು, ಇದು 15 ಕೋಟಿ ದಾಟಿತು.

ಹಾಗಾದರೆ ಪವರ್ ಬೇಡವೇ? ಬೇಕು, ಆಟ ಮಾಡುವವರಿಗೆ ಅಡ್ಡಿಯಾಗದಷ್ಟು. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಪ್ಲೇಸ್ಟೇಷನ್ 5ಕ್ಕೆ ಸೆಪ್ಟೆಂಬರ್‌ನಲ್ಲೇ ಬಂತು. ಎಕ್ಸ್‌ಬಾಕ್ಸ್‌ನವರು ಡಿಸೆಂಬರ್‌ವರೆಗೆ ಕಾದರು. ಅಗ್ಗದ ಸೀರೀಸ್ ಎಸ್ ಯಂತ್ರದಲ್ಲಿ ಪರದೆ ಇಬ್ಭಾಗಿಸಿ ಇಬ್ಬರು ಆಡುವ ಸೌಲಭ್ಯ ಕೂರಲಿಲ್ಲ ಎಂಬುದೇ ಕಾರಣ. ಆದರೆ ದೊಡ್ಡ ಯಂತ್ರಗಳ ನಡುವಿನ ಪೈಪೋಟಿಗೆ ಇಷ್ಟು ಅರ್ಥವಿಲ್ಲ. ಸೀರೀಸ್ ಎಕ್ಸ್ 12 ಟೆರಾಫ್ಲಾಪ್, ಪ್ಲೇಸ್ಟೇಷನ್ 5 ಹತ್ತು ಚಿಲ್ಲರೆ. ಭಾರತಕ್ಕೆ ಬಂದಾಗ ಎರಡಕ್ಕೂ 49,990 ರೂಪಾಯಿ. ಹೊರಗಿನವರ ದೊಡ್ಡ ಆಟಗಳು ಹೆಚ್ಚಿನವು ಎರಡರಲ್ಲೂ ಸಿಗುತ್ತವೆ. ಮಾರಾಟದಲ್ಲಿ ಮುಂದಿರುವುದು ಟೆರಾಫ್ಲಾಪ್ ಕಡಿಮೆ ಇರುವ ಪ್ಲೇಸ್ಟೇಷನ್ 5.

ಯೂಟ್ಯೂಬ್‌ನ ರಿವ್ಯೂ ಪಂಡಿತರು ಹೇಳದ ಇನ್ನೊಂದು ಮಾತಿದೆ. ಇವತ್ತಿನ ದೊಡ್ಡ ಆಟಗಳಲ್ಲಿ ಕೆಲವು 100 ಜಿಬಿ ದಾಟುತ್ತವೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ 100 ಜಿಬಿ ಇಳಿಸಲು 67 ದಿನ ಬೇಕು, ಅದೂ ಮನೆಯಲ್ಲಿ ಬೇರೆ ಯಾರೂ ನೆಟ್ ಮುಟ್ಟದಿದ್ದರೆ. ಸಿಗ್ನಲ್‌ಗಾಗಿ ದಿಬ್ಬ ಹತ್ತುವ ಕಾಡಂಚಿನ ಊರಿಗೆ ಸೀರೀಸ್ ಎಸ್‌ನಂಥ ಡಿಸ್ಕ್ ಹಾಕಲಾಗದ ಯಂತ್ರ ಒಯ್ದರೆ ಪವರ್ ಯಾತಕ್ಕೆ? ಡಿಸ್ಕ್ ಇದ್ದರೆ ಗೆಳೆಯರ ಜೊತೆ ಬದಲಿಸಿಕೊಳ್ಳಬಹುದು, ಆಡಿ ಮುಗಿದ ಮೇಲೆ ಮಾರಲೂಬಹುದು.

ಆದ್ದರಿಂದ ದುಡ್ಡು ಎಣಿಸುವ ಮೊದಲು ನಾಲ್ಕು ಮಾತು ಕೇಳಿ. ಮಕ್ಕಳು ಬಯಸುವ ಆಟ ಇದರಲ್ಲಿ ಇದೆಯೇ? ಡಿಸ್ಕ್‌ನಲ್ಲಿ ಪೂರ್ತಿ ಸಿಗುತ್ತದೆಯೇ? ಎಷ್ಟು ಜಿಬಿ? ನೆಟ್ ಇಲ್ಲದೆ ನಡೆಯುತ್ತದೆಯೇ? ಅಂಗಡಿಯವರೂ ಟೆರಾಫ್ಲಾಪ್ ಬೋರ್ಡಿನ ಪಕ್ಕದಲ್ಲಿ ಈ ಉತ್ತರಗಳನ್ನು ಕನ್ನಡದಲ್ಲಿ ಬರೆದು ಹಾಕಲಿ. ಉತ್ತರ ಕೊಡದ ಅಂಗಡಿಯಿಂದ ಬರಿಗೈಯಲ್ಲಿ ಬಸ್ ಹತ್ತಿ ಬಂದರೂ ನಷ್ಟವಿಲ್ಲ.