ಗಿನಿಪಿಗ್‌ಗೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ’ ಅನ್ನಬೇಡಿ

ಬೆಂಗಳೂರಿಗೊಂದು ಧ್ಯೇಯವಾಕ್ಯ ಬರೆದುಕೊಡಿ ಅಂತ ಯಾರಾದ್ರೂ ಕೇಳಿದ್ರೆ ಯೋಚನೆ ಮಾಡೋದೇ ಬೇಡ, ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅಂತ ಬರೆದು ಕೊಟ್ಟುಬಿಡಬಹುದು. ಇಬ್ಬರು ಕೂರೋ ಬಸ್ ಸೀಟಿಗೆ ಮೂರನೆಯವರು ಬಂದು ಹೇಳೋದು ಇದನ್ನೇ. ಇಬ್ಬರಿದ್ದ ಪಿಜಿ ರೂಮಿಗೆ ಮೂರನೇ ಮಂಚ ತುರುಕೋ ಓನರ್ ಹೇಳೋದೂ ಇದನ್ನೇ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಗೆ ನೆಂಟರಿಷ್ಟರೆಲ್ಲ ಸೇರಿ ಅದೇ ಮಾತನ್ನ ಅಚ್ಚಗನ್ನಡದಲ್ಲಿ ಹೇಳ್ತಾರೆ: ‘ಹೊಂದ್ಕೊಂಡು ಹೋಗಮ್ಮ’. ಗಮನಿಸಿದ್ದೀರಾ? ಈ ಮಾತು ಹೇಳೋರಿಗೆ ನಯಾಪೈಸೆ ಖರ್ಚಿಲ್ಲ. ಖರ್ಚೆಲ್ಲ ಕೇಳಿಸಿಕೊಳ್ಳೋರದ್ದು.

ಈಗ ಈ ಉಪದೇಶ ನಮ್ಮ ಫ್ಲ್ಯಾಟುಗಳಲ್ಲಿರೋ ಗಿನಿಪಿಗ್‌ಗಳ ತನಕ ಬಂದು ಮುಟ್ಟಿದೆ.

ಕಥೆ ಎಲ್ಲ ಕಡೆ ಒಂದೇ. ನಾಯಿ ಸಾಕೋಕೆ ಮನೆ ಓನರ್ ಬಿಡಲ್ಲ, ಬೆಕ್ಕು ಸೋಫಾ ಹರಿಯುತ್ತೆ, ಹಾಗಾಗಿ ಗಿನಿಪಿಗ್. ಬೊಗಳಲ್ಲ, ವಾಕಿಂಗ್ ಕೇಳಲ್ಲ, ಕೊತ್ತಂಬರಿ ಸೊಪ್ಪಿನ ಕವರ್ ಸದ್ದಾದ್ರೆ ‘ವೀಕ್ ವೀಕ್’ ಅಂತ ಮನೆಯೆಲ್ಲ ಕೇಳೋ ಹಾಗೆ ಕೂಗುತ್ತೆ. ಒಂದು ವರ್ಷ ಆದಮೇಲೆ ‘ಪಾಪ, ಒಂಟಿ ಆಗಿದೆ’ ಅನ್ನಿಸುತ್ತೆ. ಶನಿವಾರ ಪೆಟ್ ಶಾಪಿಗೆ ಹೋಗಿ ಅಂಗೈಯಷ್ಟಿರೋ ಮರಿಯೊಂದನ್ನ ರಟ್ಟಿನ ಡಬ್ಬದಲ್ಲಿ ತರೋದು. ಹಳೇದು ಇರೋ ಪಂಜರದ ಬಾಗಿಲು ತೆಗೆದು ಒಳಗೆ ಬಿಡೋದು. ತಕ್ಷಣ ಮೊಬೈಲ್ ಎತ್ತಿ ರೀಲ್ ಮಾಡೋದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಹಾಗೆ. ಹಳೇದು ಹಲ್ಲು ಕಟಕಟಿಸುತ್ತೆ, ಮರಿ ಮೂಲೆ ಸೇರಿ ಕಿರುಚುತ್ತೆ, ಮನೆಯವರು ಹೇಳ್ತಾರೆ: ‘ಎರಡು ದಿನ ಬಿಡಿ, ಅಡ್ಜಸ್ಟ್ ಆಗ್ತಾವೆ.’

ಮರಿ ತಂದದ್ದಕ್ಕೆ ನನ್ನ ತಕರಾರಿಲ್ಲ. ತರಬೇಕಾದದ್ದೇ. ಆಂಡೀಸ್ ಬೆಟ್ಟಗಳ ಜನ ಸಾವಿರಾರು ವರ್ಷದ ಹಿಂದೆ ಪಳಗಿಸಿದ ಈ ಪ್ರಾಣಿ ಗುಂಪಿನಲ್ಲೇ ಬದುಕೋದು. ಸ್ವಿಟ್ಜರ್‌ಲ್ಯಾಂಡಿನಲ್ಲಿ 2008ರಲ್ಲಿ ಜಾರಿಗೆ ಬಂದ ಪ್ರಾಣಿರಕ್ಷಣಾ ನಿಯಮದ ಪ್ರಕಾರ ಗಿನಿಪಿಗ್ಗನ್ನ ಒಂಟಿಯಾಗಿ ಸಾಕೋ ಹಾಗೇ ಇಲ್ಲ. ಬೆಳಗ್ಗೆ 9ಕ್ಕೆ ಹೊರಟು ರಾತ್ರಿ 8ಕ್ಕೆ ಟ್ರಾಫಿಕ್ ದಾಟಿ ಬರೋ ನಾವು ಅದಕ್ಕೆ ಎಂಥಾ ಜೊತೆ? ಪಂಜರದಲ್ಲಿ ಕನ್ನಡಿ ಇಟ್ಟರೆ, ಬೊಂಬೆ ಇಟ್ಟರೆ ಆ ಜಾಗ ತುಂಬಲ್ಲ. ನನ್ನ ತಕರಾರೆಲ್ಲ ಆ ಪಂಜರದ ಬಾಗಿಲು ತೆಗೆದ ಕೈ ಮೇಲೆ. ಜೊತೆ ಕೊಡಿಸೋ ಪುಣ್ಯ ನಮಗೆ, ಹೊಂದಿಕೊಳ್ಳೋ ಕಷ್ಟ ಅವಕ್ಕೆ ಅಂತ ಹಂಚಿಕೊಂಡುಬಿಟ್ಟಿದ್ದೀವಲ್ಲ, ಅದರ ಮೇಲೆ.

ಮೊದಲನೇ ಪ್ರಶ್ನೆ: ತಂದದ್ದು ಗಂಡೋ ಹೆಣ್ಣೋ? ‘ಫೀಮೇಲೇ ಸಾರ್, ಗ್ಯಾರಂಟಿ’ ಅಂತ ಅಂಗಡಿಯವನು ಹೇಳ್ತಾನೆ. ಸಣ್ಣ ಮರಿಗಳಲ್ಲಿ ಲಿಂಗ ಗುರುತಿಸೋದು ಅಭ್ಯಾಸ ಇಲ್ಲದವರಿಗೆ ಸುಲಭ ಅಲ್ಲ, ಆ ಗ್ಯಾರಂಟಿಗೆ ರಸೀದಿಯೂ ಇಲ್ಲ. ಗಂಡು ಮರಿ 3 ವಾರಕ್ಕೇ ಅಪ್ಪ ಆಗೋ ವಯಸ್ಸಿಗೆ ಹತ್ತಿರ ಬಂದಿರುತ್ತೆ. ಹೆಣ್ಣು ಮರಿ 4 ವಾರಕ್ಕೇ ಗರ್ಭ ಧರಿಸಬಹುದು. ಅಂದ್ರೆ ಗಂಡು ಹೆಣ್ಣು ಒಟ್ಟಿಗೇ ತುಂಬಿಟ್ಟ ಅಂಗಡಿ ಪಂಜರದಿಂದ ನೀವು ತಂದ ‘ಪುಟಾಣಿ’ ಆಗಲೇ ಬಸುರಿ ಇರಬಹುದು. ಇನ್ನೂ ಕೆಟ್ಟದ್ದು ಕೇಳಿ. ನಿಮ್ಮನೆ ಹಳೇ ಹೆಣ್ಣಿಗೆ ಒಂದು ವರ್ಷ ದಾಟಿದೆ, ಇನ್ನೂ ಮರಿ ಹಾಕಿಲ್ಲ ಅಂದ್ಕೊಳ್ಳಿ. 7-8 ತಿಂಗಳ ನಂತರ ಮೊದಲ ಬಸಿರು ಆದ್ರೆ ಹೆರಿಗೆ ಹೊತ್ತಿಗೆ ಸೊಂಟದ ಮೂಳೆಗಳ ಜೋಡಣೆ ಬೇಕಾದಷ್ಟು ಅಗಲ ಆಗದೇ ಹೋಗಬಹುದು. ಮರಿ ಹೊರಗೆ ಬರಲ್ಲ. ಆಪರೇಷನ್ ಮಾಡಿಸಬೇಕು, ಇಲ್ಲಾಂದ್ರೆ ತಾಯಿನೂ ಇಲ್ಲ ಮರಿನೂ ಇಲ್ಲ. ‘ಫೀಮೇಲೇ ಸಾರ್’ ಅನ್ನೋ ಎರಡು ಪದ ನಂಬಿದ್ದಕ್ಕೆ ಸುಮಾರು ಎರಡು ತಿಂಗಳಾದಮೇಲೆ, ಅದರ ಗರ್ಭದ ಅವಧಿ ಅಷ್ಟೇ, ಬೆಲೆ ಕಟ್ಟೋದು ಯಾರು? ನೀವಲ್ಲ.

ಹಾಗಾಗಿ ಅಂಗಡಿಯಿಂದ ಸೀದಾ ಮನೆಗೆ ಬರಬೇಡಿ. ಗಿನಿಪಿಗ್ ನೋಡಿ ಅನುಭವ ಇರೋ ಪಶುವೈದ್ಯರ ಹತ್ತಿರ ಹೋಗಿ. ಎಲ್ಲ ಪಶುವೈದ್ಯರೂ ಈ ಪ್ರಾಣಿಯನ್ನ ನೋಡಲ್ಲ, ಮೊದಲೇ ಹುಡುಕಿಟ್ಟುಕೊಳ್ಳಿ. ನಾಯಿಗೆ ಸಲೀಸಾಗಿ ಕೊಡೋ ಅಮಾಕ್ಸಿಸಿಲಿನ್ ಗಿನಿಪಿಗ್ ಹೊಟ್ಟೆಗೆ ಹೋದ್ರೆ ಪ್ರಾಣಕ್ಕೇ ಕುತ್ತು ತರಬಹುದು. ಮನೆ ಡಾಕ್ಟರಿಕೆ ಇಲ್ಲಿ ನಡೆಯಲ್ಲ.

ಹಳೇದು ಗಂಡು, ಹೊಸದು ಹೆಣ್ಣು ಬೇಕು ಅಂದ್ರೆ ಗಂಡಿಗೆ ಸಂತಾನಹರಣ ಮಾಡಿಸಿ, ಆಮೇಲೂ ಸುಮಾರು 6 ವಾರ ಬೇರೆ ಇಟ್ಟು ನಂತರ ಸೇರಿಸಬೇಕು. ಎರಡು ಗಂಡು ಇರಬಹುದಾ? ಇರಬಹುದು, ದೊಡ್ಡ ಗಂಡಿನ ಜೊತೆ ಸಣ್ಣ ಗಂಡು ಮರಿ ಎಷ್ಟೋ ಸಲ ಚೆನ್ನಾಗೇ ಹೊಂದುತ್ತೆ. ಆದ್ರೆ ಆ ಮರಿಗೂ ಒಂದು ಹದಿಹರೆಯ ಅಂತ ಬರುತ್ತೆ. ಕೆಲವು ತಿಂಗಳು ದಾಟಿ ಅದು ಎದೆ ಸೆಟೆಸಿದಾಗ ಹೊಸ ಜಗಳ ಶುರುವಾಗಬಹುದು. ಎರಡು ಹೆಣ್ಣು ಸಾಮಾನ್ಯವಾಗಿ ಸುಲಭದ ಜೋಡಿ. ‘ಎರಡು ಜಡೆ ಸೇರಲ್ಲ’ ಅಂತ ಗಾದೆ ಕಟ್ಟಿದೋರು ಗಿನಿಪಿಗ್ ನೋಡಿರಲಿಲ್ಲ ಬಿಡಿ. ಹೆಂಗಸರನ್ನೂ ಸರಿಯಾಗಿ ನೋಡಿರಲಿಲ್ಲ.

ಎರಡನೇದು, ಕಾಯೋದು. ಹೊಸ ಮರಿಯನ್ನ ಎರಡರಿಂದ ಮೂರು ವಾರ ಬೇರೆ ರೂಮಿನಲ್ಲಿ ಇಡಬೇಕು. ಕೊರೋನಾ ಕಾಲದಲ್ಲಿ ಕ್ವಾರಂಟೈನ್ ಮುದ್ರೆ ಒತ್ತಿಸಿಕೊಂಡ ಊರಿಗೆ ಇದನ್ನ ಬಿಡಿಸಿ ಹೇಳಬೇಕಾ? ಕಜ್ಜಿ ಹುಳ, ಹುಳುಕಡ್ಡಿ, ಉಸಿರಾಟದ ಸೋಂಕು ಇವೆಲ್ಲ ಮರಿಯ ಜೊತೆ ಫ್ರೀಯಾಗಿ ಬರಬಹುದು. ಮೊದಲು ಹಳೇದಕ್ಕೆ ಮೇವು ಹಾಕಿ, ಆಮೇಲೆ ಹೊಸದಕ್ಕೆ. ಕೈ ತೊಳೀರಿ. ‘ಎರಡು ವಾರ ಯಾರು ಕಾಯ್ತಾರೆ’ ಅನ್ನೋರಿಗೆ ನಾನು ಹೇಳೋದು ಇಷ್ಟೇ: ಎರಡು ವಾರ ಕಾಯೋಕಾಗದವರು 5ರಿಂದ 8 ವರ್ಷ ಬದುಕೋ ಪ್ರಾಣಿಯನ್ನ ಹೇಗೆ ಸಾಕ್ತೀರಿ?

ಮೂರನೇದು, ಜಾಗ. ಪಂಜರ ಅನ್ನೋದು ನಮಗೆ ಒಂದು ಸಾಮಾನು, ಹಳೇ ಗಿನಿಪಿಗ್‌ಗೆ ಅದು ಊರು. ಹಿಂಭಾಗ ನೆಲಕ್ಕೆ ಉಜ್ಜಿ ಉಜ್ಜಿ ಮೂಲೆಮೂಲೆಗೂ ತನ್ನ ವಾಸನೆಯ ರಿಜಿಸ್ಟ್ರೇಷನ್ ಮಾಡಿಸಿಕೊಂಡಿರುತ್ತೆ. ಅಲ್ಲಿಗೆ ಮರಿಯನ್ನ ಇಳಿಸೋದು ಅಂದ್ರೆ ಒತ್ತುವರಿದಾರನನ್ನ ಇಳಿಸಿದ ಹಾಗೆ. ಮೊದಲ ಭೇಟಿ ಯಾರದ್ದೂ ಅಲ್ಲದ ಜಾಗದಲ್ಲಿ ಆಗಬೇಕು. ಹಾಲಿನಲ್ಲಿ ಹಳೇ ಬೆಡ್‌ಶೀಟ್ ಹಾಸಿ, ಸುತ್ತ ಅಡ್ಡ ಕಟ್ಟಿ, ಮಧ್ಯೆ ಒಣಹುಲ್ಲಿನ ಒಂದಲ್ಲ ಎರಡು ಗುಡ್ಡೆ, ಎರಡು ಕಡೆ ನೀರು, ಒಂದಷ್ಟು ಕೊತ್ತಂಬರಿ, ದಪ್ಪ ಮೆಣಸಿನಕಾಯಿ ಹೋಳು. ಅಡಗೋ ಡಬ್ಬ ಇಟ್ಟರೆ ಎರಡು ಬಾಗಿಲು ಇರಲಿ. ಒಂದೇ ಬಾಗಿಲಿನ ಡಬ್ಬದಲ್ಲಿ ಮರಿ ಸಿಕ್ಕಿಬಿದ್ರೆ ಓಡೋಕೆ ದಾರಿ ಇರಲ್ಲ.

ಇಬ್ಬರಿಗೂ ಸ್ನಾನ ಮಾಡಿಸಿ, ಒಂದೇ ವಾಸನೆ ಬರೋ ಹಾಗೆ ಮಾಡಿ ಬಿಡಿ ಅಂತ ಸಲಹೆ ಕೊಡೋರು ಇದ್ದಾರೆ. ಹೊಸ ಜಾಗ, ಹೊಸ ಪ್ರಾಣಿ ಅಂತ ಮೊದಲೇ ನಡುಗ್ತಿರೋದನ್ನ ನೀರಲ್ಲಿ ಮುಳುಗಿಸಿ ತೆಗೆಯೋದು ಯಾವ ಸೀಮೆ ಸ್ನೇಹ? ಅವು ಒಂದನ್ನೊಂದು ಗುರುತು ಹಿಡಿಯೋದೇ ವಾಸನೆಯಿಂದ. ಆ ಗುರುತಿನ ಚೀಟಿಯನ್ನೇ ತೊಳೆದು ಪರಿಚಯ ಮಾಡಿಸ್ತೀರಾ?

ನಾಲ್ಕನೇದು ಬಹಳ ಕಷ್ಟದ್ದು, ಸುಮ್ಮನೆ ಕೂರೋದು. ಇಲ್ಲಿ ಮೇಲಿನವರ ವಿರುದ್ಧ ದಿಕ್ಕಿನ ಜನ ಸಿಗ್ತಾರೆ. ಸ್ವಲ್ಪ ಅಟ್ಟಿಸಿಕೊಂಡು ಹೋದ್ರೂ ‘ಅಯ್ಯೋ ಕಚ್ಚುತ್ತೆ’ ಅಂತ ಮರಿಯನ್ನ ಎತ್ತಿಬಿಡ್ತಾರೆ. ನೋಡಿ, ಯಾರು ದೊಡ್ಡೋರು ಅಂತ ತೀರ್ಮಾನ ಆಗದೆ ಆ ಮನೆಯಲ್ಲಿ ಶಾಂತಿ ಇಲ್ಲ. ಹಳೇದು ಸೊಂಟ ಕುಣಿಸುತ್ತಾ, ಮೊಬೈಲ್ ವೈಬ್ರೇಟ್ ಆದ ಹಾಗೆ ಗುರ್ ಅನ್ನುತ್ತಾ ಸುತ್ತು ಹಾಕುತ್ತೆ, ಮೂಸುತ್ತೆ, ಬೆನ್ನೇರುತ್ತೆ, ಅಟ್ಟುತ್ತೆ. ಮರಿ ಕೀಚಲು ದನಿ ತೆಗೆಯುತ್ತೆ. ಎಷ್ಟೋ ಸಲ ಅದರರ್ಥ ‘ಆಯ್ತು, ನೀವೇ ಸೀನಿಯರ್’ ಅಂತ ಅಷ್ಟೇ. ಈ ಮಾತುಕತೆ ನಡೀವಾಗ ನೀವು ಮಧ್ಯೆ ಕೈ ಹಾಕಿದ್ರೆ ನಾಳೆ ಮತ್ತೆ ಮೊದಲಿಂದ ಶುರು.

ಹಾಗಂತ ಫೋನ್ ನೋಡ್ತಾ ಕೂರೋದಲ್ಲ. ಹಲ್ಲು ಕಟಕಟ ಅಂದ್ರೆ ಎಚ್ಚರಿಕೆ. ಎರಡೂ ಎದುರುಬದುರು ತಲೆ ಮೇಲೆತ್ತಿ ನಿಂತು, ಮೈಮೇಲೆ ಹಾರಿ, ಉಂಡೆಯ ಹಾಗೆ ಸುತ್ತಿಕೊಂಡ್ರೆ, ರಕ್ತ ಕಂಡ್ರೆ, ಅದು ಜಗಳ. ಆಗ ಬರಿಗೈ ಹಾಕಬೇಡಿ. ದಪ್ಪ ಟವೆಲ್ ಎಸೆದು ಬೇರೆ ಮಾಡಿ. ಒಂದೆರಡು ಗಂಟೆ ಪಕ್ಕಪಕ್ಕ ಹುಲ್ಲು ತಿಂದು, ಒಂದು ಮಲಗಿದಾಗ ಇನ್ನೊಂದೂ ಮಲಗಿದ್ರೆ, ಪೂರ್ತಿ ತೊಳೆದು, ಒಳಗಿನ ಸಾಮಾನು ಜಾಗ ಬದಲಿಸಿದ ಪಂಜರಕ್ಕೆ ಎರಡನ್ನೂ ಒಟ್ಟಿಗೇ ಬಿಡಿ. ಕನಿಷ್ಠ 4 ಅಡಿ ಉದ್ದ, 2 ಅಡಿ ಅಗಲ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದನ್ನ ಮನುಷ್ಯರಿಗೆ ಹೇಳಿ. ಅಂಗಡಿಯ ಬಣ್ಣದ ಪಂಜರದಲ್ಲಿ ಸೋತ ಪ್ರಾಣಿಗೆ ಹಿಂದೆ ಸರಿಯೋಕೂ ಜಾಗ ಇರಲ್ಲ. ಇಬ್ಬರನ್ನೂ ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ಮಾಡಿ. ಮರಿಯ ತೂಕ ಏರ್ತಿಲ್ಲ ಅಂದ್ರೆ ಯಾರೋ ಅದನ್ನ ಮೇವಿನ ಹತ್ತಿರ ಬಿಡ್ತಿಲ್ಲ ಅಂತ ಅನುಮಾನ ಪಡಿ. ಒಂದು ದಿನ ಮೇವು ಬಿಟ್ಟ ಗಿನಿಪಿಗ್ ಅಂದ್ರೆ ಎಮರ್ಜೆನ್ಸಿ.

‘ಇಷ್ಟು ಸಣ್ಣ ಪ್ರಾಣಿಗೆ ಇಷ್ಟೆಲ್ಲ ಬೇಕಾ? ಇಲಿಗಿಂತ ಸ್ವಲ್ಪ ದೊಡ್ಡದು ಅಷ್ಟೇ ತಾನೆ?’ ಈ ಪ್ರಶ್ನೆ ಬಂದೇ ಬರುತ್ತೆ. ಸ್ವಾಮಿ, ಸರ್ಕಾರ ಯಾವುದೋ ಹೊಸ ಸ್ಕೀಮ್ ತಂದ್ರೆ, ಆಫೀಸಲ್ಲಿ ಮ್ಯಾನೇಜರ್ ಹೊಸ ಟೂಲ್ ತಂದ್ರೆ ‘ನಾವೇನು ಗಿನಿಪಿಗ್ಗಾ?’ ಅಂತ ಮೊದಲು ಕೂಗೋರು ನಾವೇ. ಕೇಳದೆ, ತಯಾರಿ ಇಲ್ಲದೆ, ಏನಾಗುತ್ತೋ ನೋಡೋಣ ಅಂತ ನಮ್ಮ ಮೇಲೆ ಪ್ರಯೋಗ ಮಾಡಿದ್ರೆ ಉರಿಯುತ್ತೆ. ನಿಜವಾದ ಗಿನಿಪಿಗ್ ಮೇಲೆ ಮಾಡಿದ್ರೆ ಕ್ಯೂಟ್.

ಇನ್ನು ಎಲ್ಲ ಸರಿಯಾಗಿ ಮಾಡಿದಮೇಲೂ ಕೆಲವು ಜೋಡಿ ಹೊಂದಲ್ಲ. ಅದು ಅವುಗಳ ಹಕ್ಕು. ನಮ್ಮ ಮನೆಗಳಲ್ಲಿ ಎಷ್ಟೋ ಜನಕ್ಕೆ ಸಿಗದೇ ಇರೋ ಹಕ್ಕು ಅದು, ಗಿನಿಪಿಗ್‌ಗಾದ್ರೂ ಸಿಗಲಿ. ಆಗ ಮರಿಯನ್ನ ವಾಪಸ್ ಅಂಗಡಿಗೆ ಒಯ್ಯೋದಲ್ಲ, ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ‘ಫ್ರೀ ಟು ಗುಡ್ ಹೋಮ್’ ಅಂತ ಹಾಕೋದೂ ಅಲ್ಲ. ಎರಡು ಪಂಜರ ಪಕ್ಕಪಕ್ಕ ಇಟ್ಟು, ಸರಳಿನ ಆಚೆಯಿಂದ ಮೂಸಿಕೊಂಡು, ದನಿ ಕೇಳಿಸಿಕೊಂಡು ಇರೋ ಹಾಗೆ ಮಾಡಿ. ಅದೂ ಜೊತೆಯೇ.

ಅದಕ್ಕೇ ನನ್ನ ಬೇಡಿಕೆ ಒಂದೇ. ಈ ಶನಿವಾರ ಹೊರಡೋ ಮುಂಚೆ ಮೊದಲು ಎರಡನೇ ಪಂಜರ ತನ್ನಿ. ಮನೆಯಲ್ಲಿ ಎಲ್ಲಿಡಬಹುದು ಅಂತ ಅಳತೆ ಹಾಕಿ ನೋಡಿ. ಇಟ್ಟುಕೊಂಡು ಒಂದು ವಾರ ಓಡಾಡಿ. ಅದಕ್ಕೆ ಜಾಗ ಇಲ್ಲ ಅನ್ನಿಸಿದ್ರೆ, ಮರಿಗೂ ನಿಮ್ಮ ಮನೆಯಲ್ಲಿ ಜಾಗ ಇಲ್ಲ.