ಕಾಲೇಜಿನ ಮೊದಲ ವರ್ಷವೂ ತರುಣರ ದೇಹಸ್ಥಿತಿಯೂ

ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿರುವ ಕಣಗಲಾ ಗ್ರಾಮದಿಂದ ಪ್ರತಿವರ್ಷವೂ ಹಲವು ತರುಣ ತರುಣಿಯರು ಕಾಲೇಜು ವ್ಯಾಸಂಗಕ್ಕೆಂದು ಹೊರಬೀಳುತ್ತಾರೆ. ಸಂಕೇಶ್ವರ, ನಿಪ್ಪಾಣಿಗಳಿಗೆ ನಿತ್ಯ ಬಸ್ಸಿನಲ್ಲಿ ಹೋಗಿಬರುವವರು ಕೆಲವರು. ಬೆಳಗಾವಿ, ಧಾರವಾಡಗಳ ವಿದ್ಯಾರ್ಥಿನಿಲಯಗಳಲ್ಲಿ ನಿಲ್ಲುವವರು ಕೆಲವರು. ಇವರು ದೀಪಾವಳಿಯ ರಜೆಗೆ ಮರಳಿದಾಗ ಊರವರು ಮೊದಲು ವಿಚಾರಿಸುವುದು ಪಾಠಪ್ರವಚನಗಳನ್ನಲ್ಲ. “ಏನವಾ, ಹಾಸ್ಟೆಲ್ ಅನ್ನಾ ಮೈಗೆ ಹತ್ತೇತಲ್ಲ!” ಎಂದು ಹುಡುಗಿಗೆ, “ಯಾಕೋ ತಮ್ಮಾ, ಕಡ್ಡಿ ಆಗೀಯಲ್ಲ, ಅಲ್ಲಿ ಊಟಾ ಹಾಕಂಗಿಲ್ಲೇನ?” ಎಂದು ಹುಡುಗನಿಗೆ. ಆಡಿದವರು ಸಂಜೆಯೊಳಗೆ ಮರೆಯುತ್ತಾರೆ. ಕೇಳಿದವರು ಮರೆಯುವುದಿಲ್ಲ. ರಜೆ ಮುಗಿದ ಮೇಲೆ ಹುಡುಗಿಯು ಮುಂಜಾನೆಯ ಉಪಾಹಾರವನ್ನು ಬಿಡುತ್ತಾಳೆ. ಹುಡುಗನು ತಂದೆಯು ಪುಸ್ತಕಕ್ಕೆಂದು ಕೊಟ್ಟ ಹಣದಿಂದ ಮೈ ಬೆಳೆಸುವ ಪುಡಿಯ ಡಬ್ಬಿಯನ್ನು ಕೊಳ್ಳುತ್ತಾನೆ.

ಮೊದಲ ವರ್ಷದಲ್ಲಿ ದೇಹವು ಬದಲಾಗುವುದು ನಮ್ಮ ಪ್ರಾಂತದ ವಿಚಿತ್ರವೇನೂ ಅಲ್ಲ. ಆ ವರ್ಷದಲ್ಲಿ ಹದಿನೈದು ಪೌಂಡು ತೂಕವು ಏರಿಯೇ ಏರುವುದೆಂಬುದು ಅಮೇರಿಕೆಯಲ್ಲಿ ಗಾದೆಯ ಮಾತಾಗಿದೆ. ಆದರೆ ಅನೇಕ ಅಧ್ಯಯನಗಳನ್ನು ಕೂಡಿಸಿ 2015ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ ಕಂಡುಬಂದ ಸರಾಸರಿ ಏರಿಕೆಯು 1.36 ಕಿಲೋ, ಎಂದರೆ ಮೂರೇ ಪೌಂಡು. ಗಾದೆಗೂ ತಕ್ಕಡಿಗೂ ಇರುವ ಅಂತರವಿದು! ಮೇಲಾಗಿ ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಎಲುಬು ಸ್ನಾಯುಗಳು ಇನ್ನೂ ಬಲಿಯುತ್ತಿರುತ್ತವೆ. ಆಗ ತೂಕವು ತುಸು ಏರದಿದ್ದರೇನೇ ಚಿಂತಿಸಬೇಕು.

ಉಳಿದ ಏರುಪೇರಿಗೆ ಕಾರಣವನ್ನು ಹುಡುಗರ ಶೀಲದಲ್ಲಿ ಹುಡುಕುವುದು ಅನ್ಯಾಯ, ಅದು ಅಡುಗೆಮನೆಯಲ್ಲಿದೆ. ಊರಲ್ಲಿ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆಗಳನ್ನುಂಡು ಹೊಲಗದ್ದೆಗಳಲ್ಲಿ ತಿರುಗಿದ ಮೈಗೆ ಅನೇಕ ನಿಲಯಗಳಲ್ಲಿ ದೊರೆಯುವುದು ರಾಶಿ ಅನ್ನ, ತೆಳ್ಳನೆಯ ಸಾರು. ಸಂಜೆಯ ಹಸಿವನ್ನು ವಡಾಪಾವ್, ಮಿರ್ಚಿಭಜಿ, ಸಕ್ಕರೆಯ ಚಹಗಳು ನೀಗುತ್ತವೆ. ಇನ್ನು ಬಸ್ಸಿನವರ ಪಾಡು ಬೇರೆ. 2023ರ ಜೂನ್‌ದಲ್ಲಿ ಆರಂಭವಾದ ಶಕ್ತಿ ಯೋಜನೆಯು ಹೆಣ್ಣುಮಕ್ಕಳ ಪ್ರಯಾಣದ ಖರ್ಚನ್ನು ಇಳಿಸಿತು, ಅದು ಸ್ತುತ್ಯವೇ ಸರಿ. ಆದರೆ ಒಲೆಯ ಮೇಲೆ ರೊಟ್ಟಿ ಬೇಯುವ ಮೊದಲೇ ಬಸ್ಸು ಹೊರಡುತ್ತದೆ. ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಜನರು ರಕ್ತಹೀನತೆಯಿಂದ ಬಳಲುತ್ತಿರುವರೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ತಿಳಿಸಿರುವಾಗ, ತೆಳ್ಳಗಾಗಬೇಕೆಂದು ಉಪವಾಸ ಬೀಳುವ ಹುಡುಗಿಯನ್ನು ನಾವು ಹೊಗಳೋಣವೇ?

ನಮ್ಮ ಗಡಿನಾಡಿಗೆ ದೇಹದ ಅಭಿಮಾನವು ಹೊಸದಲ್ಲ. ಕೊಲ್ಹಾಪುರದ ಖಾಸಬಾಗ ಕುಸ್ತಿ ಮೈದಾನವು ಶಾಹು ಮಹಾರಾಜರ ಕಾಲದ್ದು. ಅದರ ಪ್ರಭಾವವು ನಮ್ಮ ಹಳ್ಳಿಗಳ ಗರಡಿಗಳಿಗೂ ಹಬ್ಬಿತ್ತು. ಅಲ್ಲಿ ಮೈಯನ್ನು ಅಳೆಯುತ್ತಿದ್ದುದು ಕಸುವಿನಿಂದ. ಇಂದಿನ ತರುಣನು ಮೊಬೈಲಿನಲ್ಲಿ ಕಂಡ ಯಾರದೋ ತಿದ್ದಿದ ಚಿತ್ರದಿಂದ ತನ್ನನ್ನು ಅಳೆದುಕೊಳ್ಳುತ್ತಾನೆ. (ಗರಡಿಯು ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಮುಚ್ಚಿದ ಬಾಗಿಲಾಗಿತ್ತೆಂಬುದನ್ನೂ ಒಪ್ಪಿಕೊಳ್ಳಬೇಕು.)

ಅಳೆಯಲೇಬೇಕಾದರೆ ಶಾಸ್ತ್ರೀಯವಾಗಿ ಅಳೆಯಲಿ. ತೂಕದ ಕಿಲೋಗಳನ್ನು ಎತ್ತರದ ಮೀಟರಿನ ವರ್ಗದಿಂದ ಭಾಗಿಸಿದಾಗ ಬರುವ ಅಂಕೆಯು ಭಾರತೀಯ ಪ್ರೌಢರಲ್ಲಿ 18.5ಕ್ಕೆ ಕಡಿಮೆಯಾಗದೆ 23ರ ಒಳಗಿರಬೇಕೆಂಬುದು ವೈದ್ಯರ ಮತ. ಈ ಲೆಕ್ಕದಂತೆ 160 ಸೆಂಟಿಮೀಟರ್ ಎತ್ತರದ, ಹದಿನೆಂಟು ತುಂಬಿದ ಹುಡುಗಿಯು 48 ಕಿಲೋ ಇದ್ದರೂ ಸರಿ, 58 ಇದ್ದರೂ ಸರಿ. ನಡುವೆ ಹತ್ತು ಕಿಲೋಗಳ ಅವಕಾಶವಿದೆ. ನೆರೆಹೊರೆಯವರ ನಾಲಗೆಯು ಎರಡು ಕಿಲೋಗಳನ್ನೂ ಸಹಿಸುವುದಿಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗವು ಕಾಲೇಜುಗಳ ಆವರಣದಲ್ಲಿ ನಿಸ್ಸಾರವಾದ ಕುರುಕಲು ತಿಂಡಿಗಳನ್ನು ಮಾರಕೂಡದೆಂದು 2016ರಲ್ಲಿಯೂ ಮತ್ತೆ 2018ರಲ್ಲಿಯೂ ಬರೆಯಿತು. ಬೇಡವಾದುದನ್ನು ತೆಗೆಯಿರೆಂದರೆ ಸಾಲದು, ಬೇಕಾದುದನ್ನು ಬಡಿಸಬೇಕು. ಬೆಳಗಾವಿ ಜಿಲ್ಲೆಯ ನಿಲಯಗಳ ಮೇಲ್ವಿಚಾರಕರು ವಾರದ ಪಟ್ಟಿಯಲ್ಲಿ ರೊಟ್ಟಿ, ಮೊಳಕೆಕಾಳು, ಸೊಪ್ಪು, ಮಜ್ಜಿಗೆಗಳನ್ನು ಸೇರಿಸಲಿ. ಕಾಲೇಜುಗಳು ಬಸ್ಸಿನ ಮಕ್ಕಳಿಗಾಗಿ ಮೊದಲ ತಾಸಿನ ನಂತರ ಉಪಾಹಾರದ ಬಿಡುವನ್ನು ಇಡಲಿ. ಆರೋಗ್ಯ ತಪಾಸಣೆಯ ದಿನ ತೂಕವನ್ನು ಪರದೆಯ ಮರೆಯಲ್ಲಿ ನೋಡಿ, ಆ ವಿದ್ಯಾರ್ಥಿಗೆ ಮಾತ್ರ ತಿಳಿಸಲಿ. ತರಗತಿಯ ಮುಂದೆ ಕೂಗಿ ಹೇಳಬಾರದು. ರಕ್ತದ ಪರೀಕ್ಷೆಯೂ ಅಂದೇ ಆಗಲಿ. ಇವುಗಳಲ್ಲಿ ಯಾವುದನ್ನು ಈ ವರ್ಷವೇ ಮಾಡಬಲ್ಲೆವೆಂಬುದನ್ನು ಸಂಬಂಧಪಟ್ಟ ಅಧಿಕಾರಿಗಳು ತಿಳಿಸಿದಲ್ಲಿ ಅದನ್ನು ಇದೇ ಪುಟದಲ್ಲಿ ಪ್ರಕಟಿಸಲು ನಾವು ಸಿದ್ಧರಿದ್ದೇವೆ.