ಹಂಪಿ ಬೇರೆಯಾದ ಮೇಲೆ ಬಳ್ಳಾರಿಗೆ ಉಳಿದದ್ದು

2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾಯಿತು. ಹಂಪಿ ಅತ್ತ ಹೋಯಿತು. ಅಂದಿನಿಂದ ಬಳ್ಳಾರಿಯಲ್ಲಿ ಒಂದು ಪ್ರಶ್ನೆ ಆಗಾಗ ಕಿವಿಗೆ ಬೀಳುತ್ತದೆ: ಇನ್ನು ನಮ್ಮ ಜಿಲ್ಲೇಲಿ ನೋಡಾಕ ಏನೈತಿ?

ಇರುವುದು ಹಂಪಿಗಿಂತ ಸಾವಿರಾರು ವರ್ಷ ಹಳೆಯದು. ಅದನ್ನು ಜನರಿಗೆ ಯಾರೂ ಸರಿಯಾಗಿ ಹೇಳಿಲ್ಲ, ಅಷ್ಟೇ.

ಬಳ್ಳಾರಿ ನಗರದ ಅಂಚಿನಲ್ಲೇ ಇರುವ ಸಂಗನಕಲ್ಲು, ಕಪ್ಪಗಲ್ಲುಗಳ ಗುಡ್ಡಗಳನ್ನೇ ನೋಡಿ. ಕ್ರಿಸ್ತಪೂರ್ವ ಮೂರನೇ ಮತ್ತು ಎರಡನೇ ಸಹಸ್ರಮಾನಗಳಲ್ಲಿ ಇಲ್ಲಿ ರೈತರಿದ್ದರು. ದನ ಸಾಕುತ್ತಿದ್ದರು, ಹುರುಳಿ, ಹೆಸರು ಬೆಳೆಯುತ್ತಿದ್ದರು. ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಬಂದಿರುವ ಡಾಲರೈಟ್ ಎಂಬ ಗಟ್ಟಿ ಕಪ್ಪು ಕಲ್ಲಿನ ಪಟ್ಟಿಯನ್ನು ಒಡೆದು, ಕೊಡಲಿಗಳನ್ನು ತಯಾರಿಸುತ್ತಿದ್ದರು. ಒಂದೆರಡಲ್ಲ, ರಾಶಿ ರಾಶಿ. ಹೀಗಾಗಿಯೇ ತಜ್ಞರು ಇದನ್ನು ಕಲ್ಲುಕೊಡಲಿಗಳ ಕಾರ್ಖಾನೆ ಎನ್ನುತ್ತಾರೆ. ಅದೇ ಕಪ್ಪು ಬಂಡೆಗಳ ಮೇಲೆ ಇಣಿ ಇರುವ ಎತ್ತುಗಳನ್ನೂ ಮನುಷ್ಯರನ್ನೂ ಕುಟ್ಟಿ ಬಿಡಿಸಿದ್ದಾರೆ. ಕೆಲವು ಬಂಡೆಗಳನ್ನು ತಟ್ಟಿದರೆ ಗಂಟೆಯ ನಾದ ಹೊರಡುತ್ತದೆ. ತಟ್ಟಿ ತಟ್ಟಿ ಬಿದ್ದ ಗುಳಿಗಳು ಈಗಲೂ ಇವೆ.

ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿ ಶೋಧ ನಡೆಸಿದರು. ಅವರು ದಕ್ಷಿಣ ಭಾರತದ ಉದ್ದಗಲಕ್ಕೂ ಕೂಡಿಸಿದ್ದ ಪ್ರಾಚೀನ ವಸ್ತುಗಳು 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಪಾಲಾದವು. 1946-47ರಲ್ಲಿ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ಮಾಡಿದರು. ಬಳ್ಳಾರಿಯ ಶಿಲಾಯುಗದ ಬಗ್ಗೆ ಅವರ ಪುಸ್ತಕ ಬಂದದ್ದು ಇಂಗ್ಲಿಷಿನಲ್ಲಿ. ವಸ್ತುಗಳು ದೂರದ ಊರಿನಲ್ಲಿ, ವಿವರಗಳು ಪರಭಾಷೆಯಲ್ಲಿ. ಗುಡ್ಡದ ಬುಡದಲ್ಲಿ ಬದುಕುವವರಿಗೆ ಉಳಿದದ್ದು ಬರೀ ಕಲ್ಲು. ಕಲ್ಲೆಂದರೆ ಜಲ್ಲಿ, ಜಲ್ಲಿಯೆಂದರೆ ದುಡ್ಡು. ಕ್ವಾರಿಗಳು ಈ ಗುಡ್ಡಗಳ ಒಂದಷ್ಟು ಭಾಗವನ್ನು ಈಗಾಗಲೇ ತಿಂದುಹಾಕಿವೆ. ಇದಕ್ಕೆ ಹಳ್ಳಿಯವರನ್ನು ದೂರುವುದು ಅನ್ಯಾಯ. ಬೆಲೆ ಏನೆಂದು ತಿಳಿಸದೇ ಕಾಯಿರಿ ಎಂದರೆ ಯಾರು ಕಾಯುತ್ತಾರೆ?

ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರ ಬಹುಕಾಲದ ಶ್ರಮದಿಂದ ಬಳ್ಳಾರಿ ನಗರದಲ್ಲಿ ಫೂಟ್ ಹೆಸರಿನ ಪ್ರಾಗೈತಿಹಾಸಿಕ ವಸ್ತುಸಂಗ್ರಹಾಲಯ ಆದದ್ದು ದೊಡ್ಡ ಕೆಲಸ. ಆದರೆ ನಗರದಲ್ಲೊಂದು ಕಟ್ಟಡ ಇದ್ದರೆ ಸಾಲದು. ಇತಿಹಾಸ ಅದು ನಡೆದ ಜಾಗದಲ್ಲೂ ಮಾತಾಡಬೇಕು.

ಸಿರುಗುಪ್ಪ ತಾಲ್ಲೂಕಿಗೆ ಹೋಗಿ. ಭತ್ತದ ಗದ್ದೆಗಳ ನಡುವಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಅವರ ಜೊತೆಗಾರರು ನವಶಿಲಾಯುಗದ ನೆಲೆಯನ್ನು ಅಗೆದು ತೋರಿಸಿದರು. ಅದೇ ತಾಲ್ಲೂಕಿನ ನಿಟ್ಟೂರು, ಉದೇಗೋಳಗಳಲ್ಲಿ 1970ರ ದಶಕದ ಕೊನೆಗೆ ಅಶೋಕನ ಶಾಸನಗಳು ಸಿಕ್ಕವು. ಅಶೋಕನ ಬಹುತೇಕ ಶಾಸನಗಳಲ್ಲಿ ಇರುವುದು ದೇವಾನಾಂಪ್ರಿಯ ಎಂಬ ಬಿರುದು ಮಾತ್ರ. ಅಶೋಕ ಎಂಬ ಹೆಸರೇ ಇರುವ ಬೆರಳೆಣಿಕೆಯ ಶಾಸನಗಳಲ್ಲಿ ಮಸ್ಕಿ, ಮಧ್ಯಪ್ರದೇಶದ ಗುಜರ್ರಾಗಳ ಜೊತೆ ಈ ಎರಡು ಊರುಗಳೂ ಸೇರಿವೆ. ಧರ್ಮದ ಹಾದಿ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ತೆರೆದಿದೆ ಎಂಬುದನ್ನು ಎಲ್ಲರಿಗೂ ಮುಟ್ಟಿಸಲೆಂದೇ ಕೊರೆಸಿದ ಬರಹ ಇದು. ಇಂಥ ಬರಹದ ಅರ್ಥ ಅದೇ ಊರಿನ ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಡವೇ?

ಕುರುಗೋಡಿನ ಸಂಗತಿ ಬೇರೆ. ಅಲ್ಲಿ ಜನ ತಾವಾಗಿಯೇ ಸೇರುತ್ತಾರೆ. ದೊಡ್ಡಬಸವೇಶ್ವರ ಗುಡಿಯ ಭಾರೀ ಏಕಶಿಲಾ ನಂದಿಗೆ ಕೈಮುಗಿಯುವವರಿಗೆ ಕೊರತೆಯಿಲ್ಲ. ಆದರೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಸಿಂದ ಅರಸರ ಊರಾಗಿತ್ತು, ಸುತ್ತಲಿನ ಹಳೆಯ ಗುಡಿಗಳೂ ಶಾಸನಗಳೂ ಆ ಕಾಲದ ಕಥೆ ಹೇಳುತ್ತವೆ ಎಂಬುದು ಎಷ್ಟು ಭಕ್ತರಿಗೆ ಗೊತ್ತು? ತೇರಿನ ದಿನ ಒಂದು ಶಾಮಿಯಾನ ಹಾಕಿ, ಶಾಸನಗಳ ಚಿತ್ರಗಳನ್ನಿಟ್ಟು, ಓದಿ ಹೇಳಲು ಇಬ್ಬರು ಉಪನ್ಯಾಸಕರನ್ನು ನಿಲ್ಲಿಸಿದರೆ ಸಾಕು. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ.

ಜನರಿಗೆ ತಿಳಿಸುವುದೆಂದರೆ ಅವರಿಂದ ಕೇಳುವುದೂ ಹೌದು. ಕುಡತಿನಿಯ ಬೂದಿದಿಬ್ಬವನ್ನು ರಾಕ್ಷಸನ ಬೂದಿ ಎಂದು ಹಿರಿಯರು ಹೇಳುತ್ತಿದ್ದರು. ಇಂಥ ದಿಬ್ಬಗಳು ದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿ ಮತ್ತೆ ಮತ್ತೆ ಸುಟ್ಟು ಆದವು ಎಂದು ಸಂಶೋಧಕರು ತೋರಿಸಿಕೊಟ್ಟರು. ಎರಡನ್ನೂ ಮಕ್ಕಳಿಗೆ ಹೇಳಬೇಕು. ಅದು ಬರೀ ಮಣ್ಣಲ್ಲ, ಬೂದಿ ಎಂಬುದನ್ನು ಊರಿನವರು ಮೊದಲೇ ಗುರುತಿಸಿದ್ದರಲ್ಲ!

ಜಿಲ್ಲೆಯ ಶಿಕ್ಷಕರಲ್ಲಿ ಒಂದು ಕೋರಿಕೆ: ಈ ವರ್ಷದ ಶಾಲಾ ಪ್ರವಾಸದ ಪಟ್ಟಿಯಲ್ಲಿ ಮೈಸೂರಿಗಿಂತ ಮೊದಲು ಸಂಗನಕಲ್ಲು, ನಿಟ್ಟೂರು, ಕುರುಗೋಡುಗಳ ಹೆಸರು ಬರೆಯಿರಿ.